ಜುಬೈದಾಳ ಓಲೆ

"ಓಲೆ ಬಿಚ್ಚದೆ ಮಗೂನ ಯಂತ್ರದೊಳಗೆ ಬಿಡೋ ಹಾಗಿಲ್ಲ, ಅಜ್ಜಿ," ಎಂದು ರಾವ್ಯಾ ಮೂರನೆಯ ಸಲ ಹೇಳಿದಳು.

ವಜೀದಾ ಅಜ್ಜಿ ಮೊಮ್ಮಗುವಿನ ಬಲಗಿವಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡಳು. ಒಂದೇ ಕಿವಿಗೆ ಓಲೆ, ಅದರಲ್ಲೊಂದು ನೀಲಿ ಮಣಿ. ಗುಲಾಬಿ ಲಂಗ ತೊಟ್ಟ ಮಗು ಹಾಲು ಕುಡಿದು ನಿದ್ದೆಗೆ ಜಾರುತ್ತಿತ್ತು. ಲಂಗ ನೋಡಿದ ನರ್ಸ್ ಕಾಗದದಲ್ಲಿ 'ಜುಬೈದಾ, ಹೆಣ್ಣು' ಎಂದು ಬರೆದಾಗಿತ್ತು.

ಹುಟ್ಟಿದ ನಲವತ್ತು ದಿನಗಳೊಳಗೆ ಹೆಣ್ಣು ಗಂಡು ಕೂಸುಗಳ ಮಿದುಳು ಎಷ್ಟು ಬೇರೆಯಾಗಿರುತ್ತದೆ ಎಂದು ಅಳೆಯುವುದು ರಾವ್ಯಾಳ ಸಂಶೋಧನೆ. ಇಪ್ಪತ್ತು ಗಂಡು ಆಗಿತ್ತು, ಹತ್ತೊಂಬತ್ತು ಹೆಣ್ಣು; ಬೇಕಿದ್ದದ್ದು ಇನ್ನೊಂದೇ ಹೆಣ್ಣು. ಮನ್ಸೂರಾ ಊರಿನ ಆಸ್ಪತ್ರೆಯಲ್ಲಿ ಮಿದುಳಿನ ಚಿತ್ರ ತೆಗೆಯುವ ಈ ಅಯಸ್ಕಾಂತದ ಯಂತ್ರ ಅವಳಿಗೆ ಸಿಗುವುದು ಇವತ್ತೊಂದೇ ದಿನ. ತಪ್ಪಿದರೆ ಮುಂದಿನ ಸರದಿ ವರ್ಷ ಕಳೆದ ಮೇಲೆ.

ಕೊನೆಗೆ ಮಗುವಿನ ತಾಯಿ ಬಸೀಮಾ ತಾನೇ ಓಲೆ ಬಿಚ್ಚಿದಳು. ಅಜ್ಜಿ ಅದನ್ನು ಮುಷ್ಟಿಯಲ್ಲಿ ಹಿಡಿದು ಪ್ರಾರ್ಥನೆ ಗೊಣಗತೊಡಗಿದಳು. ಯಂತ್ರ ಅಷ್ಟು ಬಡಿದುಕೊಂಡರೂ ಮಗು ಏಳಲಿಲ್ಲ. ಹುಟ್ಟಿದ ಏಳನೆಯ ದಿನ, ಸದ್ದಿಗೆ ಹೆದರದಿರಲಿ ಎಂದು ಶಾಸ್ತ್ರಕ್ಕೆ ಇದರ ಕಿವಿ ಪಕ್ಕದಲ್ಲೇ ಹಿತ್ತಾಳೆ ಒರಳು ಕುಟ್ಟಿದವಳು ತಾನು, ಈ ಯಂತ್ರ ಯಾವ ಲೆಕ್ಕ ಎಂದು ಅಜ್ಜಿ ಹೊರಗೆ ಕಾಯುತ್ತಿದ್ದ ಹೆಂಗಸರಿಗೆಲ್ಲ ಹೇಳಿ ಬಂದಳು.

ಚಿತ್ರ ನೋಡಲು ರಾವ್ಯಾಳ ಮಾರ್ಗದರ್ಶಕರಾದ ಪ್ರೊಫೆಸರ್ ಶುಕ್ರಿ ಬಂದರು. "ಕಾಗದ ನೋಡೋದೇ ಬೇಡ ರಾವ್ಯಾ. ಅಪ್ಪಟ ಹೆಣ್ಣಿನ ಮಿದುಳು ಇದು. ಮಾತು ಬೇಗ ಬರುತ್ತೆ, ಆಮೇಲೆ ನಿಲ್ಲೋದಿಲ್ಲ."

ಅಜ್ಜಿಗೆ ಹಿಗ್ಗೋ ಹಿಗ್ಗು. ಇನ್ನೊಂದು ಸಲ, ಹೊರಗಿನವರಿಗೂ ಕೇಳುವ ಹಾಗೆ ಹೇಳಿ ಎಂದಳು. ಪ್ರೊಫೆಸರು ಗಂಟಲು ಸರಿಪಡಿಸಿಕೊಂಡು ಮಗುವಿನ ಮೇಲೆ ಬಾಗಿದರು. ಅದೇ ಹೊತ್ತಿಗೆ ನರ್ಸ್ ಒದ್ದೆ ಬಟ್ಟೆ ಬಿಚ್ಚಿದಳು. ಸಣ್ಣದೊಂದು ಕಾರಂಜಿ ಮೇಲೆದ್ದು ಅವರ ಕನ್ನಡಕಕ್ಕೇ ಬಿತ್ತು.

ಅಜ್ಜಿ ಹೋಗಿ ಬಾಗಿಲು ಹಾಕಿ ಬಂದಳು.

"ಇದಕ್ಕೆ ಮುಂಚೆ ಎರಡು ಗಂಡು ದೃಷ್ಟಿಗೆ ಹೋದ್ವು, ತಾಯಿ. ಅದಕ್ಕೇ ಈ ಮಣಿ ಹಾಕಿ, ಇದನ್ನ ಹೆಣ್ಣು ಅಂತ ಸಾಕ್ತಿದೀವಿ. ನಿಮ್ಮ ಯಂತ್ರಾನೇ ನಂಬ್ತು. ನೀವೂ ನಂಬಿಬಿಡಿ."

ಪ್ರೊಫೆಸರಿಗೆ ಯಾವುದೋ ಮೀಟಿಂಗ್ ನೆನಪಾಯಿತು. ಕನ್ನಡಕ ಒರೆಸುತ್ತಲೇ ಹೊರಟರು.

ರಾವ್ಯಾ ಪಟ್ಟಿಯ ನಲವತ್ತನೆಯ ಸಾಲನ್ನು ಪೂರ್ತಿ ಹೊಡೆದುಹಾಕಿದಳು. ಹೆಣ್ಣು ಮತ್ತೆ ಹತ್ತೊಂಬತ್ತೇ. ಆಮೇಲೆ ಅಜ್ಜಿಯ ಬೆವತ ಮುಷ್ಟಿ ಬಿಡಿಸಿ ಓಲೆ ತೆಗೆದು, ಮಗುವಿನ ಕಿವಿಗೆ ತಾನೇ ತಿರುಪಿದಳು.

ಬಾಗಿಲು ತೆರೆದಾಗ ಹೆಂಗಸರೆಲ್ಲ ಕತ್ತೆತ್ತಿ ನೋಡಿದರು.

"ಜುಬೈದಾ ಜಾಣೆ," ಎಂದಳು ರಾವ್ಯಾ, ದೊಡ್ಡ ದನಿಯಲ್ಲಿ. "ಒಂಚೂರೂ ಅಳಲಿಲ್ಲ."

ಅಜ್ಜಿಯ ಹೆಗಲ ಮೇಲೆ ನೀಲಿ ಮಣಿ ತೂಗುತ್ತಾ ಮೆಟ್ಟಿಲಿಳಿಯಿತು.