ಶುಕ್ರವಾರದ ಮರದ ಗಂಟೆ

ನಾನು ಒಂದು ಮರದ ಗಂಟೆ. ನಗಬೇಡಿ. ನನಗೆ ಕಂಚಿನ ಬಾಯಿಯೂ ಇಲ್ಲ, ನಾಲಗೆಯೂ ಇಲ್ಲ. ಮೊಳದುದ್ದದ ಕರಿಜಾಲಿ ಹಲಗೆ, ಮೇಲೊಂದು ಹಿಡಿ, ಎರಡೂ ಮಗ್ಗುಲಿಗೆ ಒಂದೊಂದು ಕಬ್ಬಿಣದ ಬಳೆ. ಹಿಡಿದು ಅಲ್ಲಾಡಿಸಿದರೆ ಬಳೆಗಳು ಹಲಗೆಗೆ ಬಡಿದು ಕಟಕಟ ಎನ್ನುತ್ತವೆ. ಅಷ್ಟೇ ನನ್ನ ಸಂಗೀತ.

ಮುತ್ತುಗದಪಾಳ್ಯದ ಬಡಗಿ ರಾಯಪ್ಪ ಮುರಿದ ಗಾಡಿಯೊಂದರ ಹಲಗೆಯಿಂದ ನನ್ನನ್ನು ಮಾಡಿದ. ಮೊದಲ ಸಲ ಅಲ್ಲಾಡಿಸಿ ನೋಡಿದಾಗ ಅವನ ಹೆಂಡತಿ ಒಳಗಿನಿಂದ, "ಅದ್ಯಾಕಂಗೆ ಹಲ್ಲು ಕಡೀತಿದ್ದೀಯ?" ಎಂದಳು. ಆಗಿನ ಪಾದ್ರಿಗಳಿಗೆ ಮಾತ್ರ ನನ್ನ ಸ್ವರ ಹಿಡಿಸಿತು. ಆ ದಿನಕ್ಕೆ ಇಂಪು ಬೇಡ ಎಂದರು.

ಆ ದಿನ ಎಂದರೆ ಯೇಸು ಶಿಲುಬೆಯ ಮೇಲೆ ಸತ್ತ ಶುಕ್ರವಾರ. ಗುರುವಾರ ಸಂಜೆ, ಊರವರು ಗುಡಿ ಎನ್ನುವ ಚರ್ಚಿನ ಗೋಪುರದ ಕಂಚಿನ ಗಂಟೆ ಬಾಯಿ ಮುಚ್ಚಿದರೆ ಶನಿವಾರ ಪಾಸ್ಕದ, ಅಂದರೆ ಈಸ್ಟರಿನ, ಪೂಜೆಯವರೆಗೆ ತೆರೆಯುವುದಿಲ್ಲ. ನಡುವೆ ಊರನ್ನು ಕರೆಯುವ ಕೆಲಸ ನನ್ನದಾಗಿತ್ತು. ಶುಕ್ರವಾರ ಮಧ್ಯಾಹ್ನ ಮೂರಕ್ಕೆ ನನ್ನನ್ನು ಬೀದಿಬೀದಿಯಲ್ಲಿ ಆಡಿಸುತ್ತಿದ್ದರು. ನನ್ನ ಸದ್ದು ಕಿವಿಗೆ ಬಿದ್ದವರು ಹೊಲದಲ್ಲಿರಲಿ, ಬಾವಿಕಟ್ಟೆಯಲ್ಲಿರಲಿ, ಇದ್ದಲ್ಲೇ ಮೊಣಕಾಲೂರಬೇಕು. ಊರಿನ ರೂಢಿ ಅದು. ಶನಿವಾರ ಕಂಚಿನ ಅಮ್ಮಾವ್ರು ಬಾಯಿ ತೆರೆಯುವ ಮೊದಲೇ ನನ್ನನ್ನು ಪೂಜಾವಸ್ತ್ರಗಳ ಕೋಣೆಯ ಪೆಟ್ಟಿಗೆಗೆ ಹಾಕಿಬಿಡುತ್ತಿದ್ದರು. ಮಿಕ್ಕ ವರ್ಷವೆಲ್ಲ ಮೇಣದಬತ್ತಿಯ ತುಣುಕುಗಳ ಜೊತೆ ವಾಸ. ಯೇಸು ಎದ್ದು ಬಂದ ಸಂಭ್ರಮದಲ್ಲಿ ಜನರ ಮುಖ ಹೇಗಿರುತ್ತದೋ ನಾನು ಕಂಡವನಲ್ಲ. ಹೊಟ್ಟೆಕಿಚ್ಚಿತ್ತು, ಸುಳ್ಳು ಯಾಕೆ ಹೇಳಲಿ. ನನಗೆ ಗೊತ್ತಿದ್ದದ್ದು ಸಾಯುತ್ತಿರುವ ದೇವರು ಮಾತ್ರ.

ಹತ್ತೊಂಬತ್ತು ವರ್ಷ ನನ್ನನ್ನು ಆಡಿಸಿದವನು ಚೌರಪ್ಪ. ಗುಡಿಯ ಗಂಟೆಯೂ ಅವನದೇ, ನಾನೂ ಅವನವನೇ. ಹೊಟ್ಟೆಪಾಡಿಗೆ ಊರಾಚೆಯ ಕ್ವಾರಿಯಲ್ಲಿ ಕಲ್ಲು ಒಡೆಯುತ್ತಿದ್ದ. ಅವನ ಕೈ ಒರಟು, ಆದರೆ ನನ್ನನ್ನು ಪೆಟ್ಟಿಗೆಯಲ್ಲಿಡುವಾಗ ಬಳೆಗಳು ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರುತ್ತಿದ್ದ.

ಕ್ವಾರಿಯಲ್ಲಿ ಬಂಡೆ ಸಿಡಿಸುವ ಮುಂಚೆ ರಸ್ತೆಯಲ್ಲಿ ನಿಂತು ಕೆಂಪು ಬಾವುಟ ತೋರಿಸಿ ಶಿಳ್ಳೆ ಹಾಕಲು ಒಬ್ಬ ಆಳಿದ್ದ. ದಂಡದ ಸಂಬಳವೆಂದು ದಣಿ ಅವನನ್ನು ಬಿಡಿಸಿದ. ಅದಾದ ತಿಂಗಳೊಳಗೆ, ಊಟಕ್ಕೆಂದು ಮನೆಗೆ ಹೊರಟಿದ್ದ ಚೌರಪ್ಪನ ಮೇಲೆ ಸಿಡಿದ ಕಲ್ಲು ಬಿತ್ತು. ರಸ್ತೆಯಲ್ಲೇ ಸತ್ತ.

ಅವನ ಹೆಂಡತಿ ಇನ್ನಾಸಮ್ಮ ಗೋಪುರದ ಬೀಗದ ಕೈ ಹಿಂತಿರುಗಿಸಲು ನಾನಿದ್ದ ಕೋಣೆಗೆ ಬಂದಳು. ಆಗಿನ್ನೂ ಹೊಸಬರಾಗಿದ್ದ ಫಾದರ್ ಸಂತ್ಯಾಗಪ್ಪ, "ದೇವರ ಚಿತ್ತ ಇತ್ತಮ್ಮ" ಎಂದರು.

"ಶಿಳ್ಳೆಯೋನ್ನ ಬುಡಿಸಿದ್ದು ದಣಿ ಚಿತ್ತ, ಸ್ವಾಮಿ. ಅದನ್ನ ದೇವ್ರ ತಲೆಗೆ ಕಟ್ಟಬ್ಯಾಡಿ. ನಾನು ದೇವ್ರನ್ನ ಕೇಳೋದೇ ಬೇರೆ. ಬರ್ತಿದ್ದ ಕಲ್ಲನ್ನ ಒಂದು ಮಾರು ಆಚೀಕೆ ತಳ್ಳಕ್ಕೆ ಅವನ ಕೈಲಿ ಆಯ್ತಿರಲಿಲ್ವಾ?"

ಇನ್ನಾಸಮ್ಮ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೋದಳು. ಆಮೇಲೆ ಯಾವ ಭಾನುವಾರವೂ ಪೂಜೆಗೆ ಬರಲಿಲ್ಲ. ಪೆಟ್ಟಿಗೆಯ ಕತ್ತಲಲ್ಲಿ ನಾನೂ ಅವಳ ಪ್ರಶ್ನೆಯನ್ನೇ ಹೊರಳಿಸುತ್ತ ಬಿದ್ದಿದ್ದೆ. ಚೌರಪ್ಪನ ಕೈಯಿಲ್ಲದೆ ನನಗೂ ಸಂಕಟವಾಗುತ್ತಿತ್ತು.

ಕ್ರಿಸ್‌ಮಸ್ಸಿಗೆ ಮುಂಚಿನ ಅಡ್ವೆಂಟಿನ ಒಂದು ಮಂಗಳವಾರ ಪೆಟ್ಟಿಗೆ ತೆರೆಯಿತು. ಇನ್ನಾಸಮ್ಮ ನನ್ನನ್ನು ಎತ್ತಿಕೊಂಡಳು. ಫಾದರ್ ತಡೆದು, "ಇದು ಪವಿತ್ರ ವಾರದ್ದಮ್ಮ" ಎಂದರು.

"ಕ್ವಾರಿ ರಸ್ತೇಲಿ ದಿನಾ ಶುಕ್ರವಾರವೇ, ಸ್ವಾಮಿ. ಶಿಳ್ಳೆಯೋನ್ನ ಮತ್ತೆ ಇಕ್ಕಪ್ಪಾ ಅಂದ್ರೆ ದಣಿ ಒಪ್ಪಲಿಲ್ಲ. ನಾನೇ ರಸ್ತೇಲಿ ನಿಂತು ಕೂಗಾನ ಅಂದ್ರೆ ಜಲ್ಲಿ ಮಿಷನ್ ಗದ್ದಲದಾಗೆ ನನ್ನ ಗಂಟಲು ಕೇಳಲ್ಲ. ಇದರ ಸದ್ದು ಅಲ್ಲೀಗಂಟ ಕೇಳ್ತದೆ ಅಂತ ನಮ್ಮನೆಯೋರು ಹೇಳ್ತಿದ್ರು."

ಅವರು ಬಾಗಿಲು ಬಿಟ್ಟು ಸರಿದರು.

ಹನ್ನೆರಡು ಗಂಟೆಯ ಹೊತ್ತಿಗೆ ನಾವಿಬ್ಬರೂ ರಸ್ತೆಯ ತಿರುವಿನಲ್ಲಿದ್ದೆವು. ಕೆಲಸದವರು ಸಿಡಿಮದ್ದಿನ ಬತ್ತಿಗೆ ಬೆಂಕಿ ಇಟ್ಟು ಮರೆಗೆ ಓಡಿದರು. ಅದೇ ಗಳಿಗೆಗೆ ಆಚೆ ಬದಿಯಿಂದ ಆರು ಹೆಂಗಸರು ಊಟದ ಕುಕ್ಕೆ ಹೊತ್ತು ನೇರ ಬಂಡೆಯ ಕಡೆಗೇ ಬರುತ್ತಿದ್ದರು. ಇನ್ನಾಸಮ್ಮ, "ಹಿಂದಕ್ಕೆ ಓಡ್ರೇ" ಎಂದು ಕೂಗುತ್ತ ನನ್ನನ್ನು ಹುಚ್ಚು ಹಿಡಿದವಳಂತೆ ಆಡಿಸಿದಳು. ಅವಳ ಕೂಗು ಮುಟ್ಟಲಿಲ್ಲ. ನಾನು ಮುಟ್ಟಿದೆ.

ಮುಟ್ಟಿ ಆದದ್ದೇನು? ಎತ್ತು ಏರಿಗೆ, ಕೋಣ ನೀರಿಗೆ. ಆರೂ ಜನ ಕುಕ್ಕೆ ಇಳಿಸಿ, ನಡುರಸ್ತೆಯಲ್ಲೇ ಮೊಣಕಾಲೂರಿ, ತಲೆ ಬಗ್ಗಿಸಿ ಎದೆ ತಟ್ಟಿಕೊಂಡರು. ಹುಟ್ಟಿದಾಗಿನಿಂದ ಕಲಿತ ರೂಢಿ, ಮೊಣಕಾಲು ತಿಂಗಳು ಯಾವುದೆಂದು ಕೇಳುತ್ತದೆಯೇ? ಇನ್ನಾಸಮ್ಮ ಹಣೆ ಚಚ್ಚಿಕೊಂಡಳು. ಅಷ್ಟರಲ್ಲಿ ಬಂಡೆ ಸಿಡಿಯಿತು.

ಕಲ್ಲುಗಳು ಬಿದ್ದದ್ದು ಅವರಿಗಿಂತ ಇಪ್ಪತ್ತು ಹೆಜ್ಜೆ ಮುಂದೆ. ನಡೆಯುತ್ತಲೇ ಇದ್ದಿದ್ದರೆ ಆರು ಜನವೂ ಅಲ್ಲೇ ಇರುತ್ತಿದ್ದರು. ಧೂಳು ಇಳಿದ ಮೇಲೆ ಲೂರ್ದಮ್ಮ ಎಂಬಾಕೆ ಮೆಲ್ಲಗೆ ತಲೆಯೆತ್ತಿ, "ಇನ್ನಾಸಕ್ಕಾ, ಇವತ್ತು ಯಾವ ಶುಕ್ರವಾರನೇ?" ಎಂದು ಕೇಳಿದಳು.

ಊರು ಪವಾಡ ಎಂದಿತು. ದಣಿ, "ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು" ಎಂದನಂತೆ. ಫಾದರ್ ಆ ಭಾನುವಾರದ ಉಪದೇಶಕ್ಕೆ ಇದನ್ನೇ ಬರೆದುಕೊಂಡು, ಹೇಳಲೇ ಎಂದು ಇನ್ನಾಸಮ್ಮನ ಮನೆಗೆ ಕೇಳಲು ಬಂದರು.

"ಹೇಳಿ ಸ್ವಾಮಿ. ಆದ್ರೆ ಪೂರ್ತಿ ಹೇಳಿ. ಆರು ಜನ ಉಳಿದ್ರು, ಒಬ್ಬ ಉಳೀಲಿಲ್ಲ ಅಂತ ಸೇರಿಸಿ ಹೇಳಿ."

ಫಾದರ್ ಕಾಗದ ಮಡಿಚಿ ಜೇಬಿಗಿಟ್ಟುಕೊಂಡರು. ಜಗಲಿಯ ಮೇಲೆ ಕೂತು, "ನನಗೂ ಗೊತ್ತಿಲ್ಲಮ್ಮ. ಶಿಲುಬೆಯ ಮೇಲಿದ್ದವನೂ ನನ್ನ ಯಾಕೆ ಕೈಬಿಟ್ಟೆ ಅಂತ ತಂದೆಯನ್ನ ಇದನ್ನೇ ಕೇಳಿದ. ಆ ಶುಕ್ರವಾರ ಅವನಿಗೂ ಉತ್ತರ ಬರಲಿಲ್ಲ" ಎಂದರು.

"ಆಮೇಲೆ ಬಂತು ಅಂತೀರಲ್ಲ?"

"ಬಂತು ಅಂತ ನಂಬಿದ್ದೀನಿ."

"ಹಂಗಾರೆ ನಾನಿನ್ನೂ ಶುಕ್ರವಾರದಾಗೇ ಇವ್ನಿ. ಇದು ನನ್ನತ್ರ ಇರ್ಲಿ" ಎಂದು ನನ್ನನ್ನು ಮಡಿಲಿಗೆಳೆದುಕೊಂಡಳು. ಗುಡಿಗೆ ಬೇರೆ ಮರದ ಗಂಟೆ ಮಾಡಿಸಿಕೊಂಡರು.

ಏಳು ವರ್ಷ, ಕ್ವಾರಿ ನಡೆದ ದಿನವೆಲ್ಲ, ಮಳೆ ಬಿಸಿಲೆನ್ನದೆ ಅವಳು ನನ್ನನ್ನು ಆ ತಿರುವಿಗೆ ಒಯ್ದಳು. ಮೊಣಕಾಲೂರಬೇಡಿ, ಹಿಂದಕ್ಕೆ ಹೋಗಿ ಎಂದು ಮನೆಮನೆಗೆ ಹೇಳಿದಳು. ಮುದುಕಿಯರು ಎರಡನ್ನೂ ಮಾಡತೊಡಗಿದರು: ಮೊದಲು ಹಿಂದೆ ಓಡಿ, ಮರದ ಮರೆಗೆ ಹೋಗಿ, ಆಮೇಲೆ ಮೊಣಕಾಲೂರುವುದು. ದಣಿ ಎರಡು ಸಲ ಗದರಿಸಿ ಕಳಿಸಿದ. ಕೆಲಸದವರು ಮಾತ್ರ ಬತ್ತಿ ಹಚ್ಚುವ ಮುಂಚೆ ಅವಳತ್ತ ಕೈ ಎತ್ತುತ್ತಿದ್ದರು, ನಾನು ಕಟಕಟ ಎಂದ ಮೇಲೆಯೇ ಬೆಂಕಿ. ನನ್ನ ಹಲಗೆ ಸೀಳಿತು, ಒಂದು ಬಳೆ ಸವೆದು ತೆಳ್ಳಗಾಯಿತು. ಆದರೆ ಆ ರಸ್ತೆಯಲ್ಲಿ ಮತ್ತೊಬ್ಬರು ಸಾಯಲಿಲ್ಲ. ಕೊನೆಗೆ ಬಂಡೆ ಮುಗಿದು ಕ್ವಾರಿ ನಿಂತಿತು, ಹೊಂಡದಲ್ಲಿ ನೀರು ತುಂಬಿತು.

ಆ ವರ್ಷ ಪಾಸ್ಕದ ಶನಿವಾರ ಇನ್ನಾಸಮ್ಮ ನನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ಗುಡಿಗೆ ಹೊರಟಳು. ಕೆಲಸ ಮುಗಿಯಿತು, ಪೆಟ್ಟಿಗೆಗೆ ಹಿಂತಿರುಗಿಸೋಣ ಎಂದು. ಹೋಗುವಷ್ಟರಲ್ಲಿ ಪೂಜೆ ಶುರುವಾಗಿತ್ತು. ಬೇರೆ ಊರಿಗೆ ವರ್ಗವಾಗಿದ್ದ ಫಾದರ್ ಸಂತ್ಯಾಗಪ್ಪನವರೇ ಆ ಸಲ ಪೂಜೆಗೆ ಬಂದಿದ್ದರು. ಅವಳು ಬಾಗಿಲ ಬಳಿಯೇ ನಿಂತಳು. ಮಹಿಮೆಯ ಗೀತೆ ಎದ್ದಿತು, ಗೋಪುರದ ಗಂಟೆ ಬಾಯಿ ತೆರೆಯಿತು. ನಾನು ಹುಟ್ಟಿದ ಮೇಲೆ ಮೊದಲ ಸಲ ಆ ಹೊತ್ತಿನಲ್ಲಿ ಗುಡಿಯಲ್ಲಿ, ಪೆಟ್ಟಿಗೆಯ ಹೊರಗೆ ಇದ್ದೆ. ಸೆರಗಿನ ಸಂದಿಯಿಂದ ಕಂಡೆ: ಎಲ್ಲರ ಕೈಯಲ್ಲೂ ಮೇಣದಬತ್ತಿ, ಎಲ್ಲರ ಮುಖದಲ್ಲೂ ಬೆಳಕು. ನನಗೆ ಎಷ್ಟು ಸಂತೋಷವಾಯಿತೆಂದರೆ ಹೊಟ್ಟೆಕಿಚ್ಚು ಮರೆತೇಹೋಯಿತು.

ಆಗ ಇನ್ನಾಸಮ್ಮ ಸೆರಗು ಸರಿಸಿ, ನನ್ನನ್ನು ಮೇಲೆತ್ತಿ ಒಂದೇ ಒಂದು ಸಲ ಆಡಿಸಿದಳು. ಕಟ್.

ಜನ ತಿರುಗಿ ನೋಡಿದರು. ಪಾಸ್ಕದಲ್ಲಿ ಶುಕ್ರವಾರದ ಸದ್ದು. ಯಾರೋ "ಶ್" ಎಂದರು. ಪೀಠದ ಬಳಿ ನಿಂತಿದ್ದ ಫಾದರ್ ಅವಳನ್ನು ಗುರುತಿಸಿದರು. ಗೀತೆಯ ನಡುವೆಯೇ ಅವಳತ್ತ ತಿರುಗಿ, ಒಮ್ಮೆ ತಲೆಬಾಗಿದರು. ಕಂಚಿನ ಗಂಟೆ ಮೊಳಗುತ್ತಲೇ ಇತ್ತು.

ಪೂಜೆ ಮುಗಿದ ಮೇಲೆ ಅವರು, "ಇದನ್ನ ನೀನೇ ಇಟ್ಕೊಳ್ಳಮ್ಮ" ಎಂದರು.

ಈಗ ನಾನು ಅವಳ ಮನೆಯ ಗೋಡೆಯಲ್ಲಿ, ಚೌರಪ್ಪನ ಪಟದ ಪಕ್ಕದ ಮೊಳೆಗೆ ತೂಗುತ್ತಿದ್ದೇನೆ. ಅವಳು ಭಾನುವಾರಗಳಲ್ಲಿ ಮತ್ತೆ ಪೂಜೆಗೆ ಹೋಗುತ್ತಾಳೆ. ಕಲ್ಲನ್ನು ದೇವರು ಯಾಕೆ ತಳ್ಳಲಿಲ್ಲವೆಂಬುದು ಅವಳಿಗೂ ಗೊತ್ತಾಗಿಲ್ಲ, ನನಗೂ ಗೊತ್ತಾಗಿಲ್ಲ. ಗೊತ್ತಾದವರಂತೆ ಮಾತಾಡುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಅಂದು ಗುಡಿಯಿಂದ ಬಂದು ನನ್ನನ್ನು ಮೊಳೆಗೆ ಹಾಕುವಾಗ ಅವಳು ಪಟದ ಕಡೆ ತಿರುಗಿ ಹೇಳಿದ್ದು ಮಾತ್ರ ನೆನಪಿದೆ.

"ದೇವ್ರು ಕೇಳಿಸ್ಕಂಡವ್ನೆ ಬುಡು."