ಗಿರಣಿಯ ಪಟ್ಟಾ ಹರಿದಾಗ

ಮಸ್ಕಿಯಲ್ಲಿ ಅಮರಗುಂಡಪ್ಪ ಹಿಟ್ಟಿನ ಗಿರಣಿ ಹಾಕಿ ಎರಡು ವರ್ಷವಾಗಿತ್ತು. ಐವತ್ಮೂರನೇ ಇಸವಿಯ ಮಾತು. ಇಂಜಿನ್ ನಡೆಸುವವನು ಶಾಮೀದಸಾಬ. ಧಣಿ ಕಾಳು ಸುರಿ ಅಂದರೆ ಸುರಿಯುವುದು, ಬೇಡ ಅಂದರೆ ಬಿಡುವುದು, ಅಷ್ಟೇ ತನ್ನ ಕೆಲಸವೆಂದು ಅವನು ತಿಳಿದಿದ್ದ.

ಆ ಸೋಮವಾರ ಸಮಗಾರ ದ್ಯಾವಪ್ಪನ ಹೆಂಡತಿ ಪೀರಮ್ಮ ಜೋಳದ ಗಂಟು ಹೊತ್ತು ಬಂದಳು. ಬಲಗೈ ಮುರಿದು ಬಿದಿರಿನ ದಬ್ಬೆ ಕಟ್ಟಿಸಿಕೊಂಡಿದ್ದಳು. ಬೀಸುವ ಕಲ್ಲಿನ ಗೂಟ ಹಿಡಿಯಲಾಗದು, ಮನೆಯಲ್ಲಿ ಬೇರೆ ಹೆಣ್ಣುಮಕ್ಕಳಿಲ್ಲ. ಮೂರು ದಿನದಿಂದ ರೊಟ್ಟಿಯಿಲ್ಲದೆ ಜೋಳದ ಗುಗ್ಗರಿಯಲ್ಲೇ ಕಳೆದಿದ್ದರು.

“ನಿಮ್ಮ ಓಣಿ ಕಾಳು ಇಲ್ಲಿ ಬೀಸಂಗಿಲ್ಲ,” ಅಂದ ಅಮರಗುಂಡಪ್ಪ. “ಕಲ್ಲಿನಾಗ ನಿಮ್ಮ ಹಿಟ್ಟು ಉಳೀತೈತಿ, ಮುಂದಿನವರ ಹಿಟ್ಟಿನಾಗ ಕೂಡತೈತಿ. ಗಿರಾಕಿ ಬಿಟ್ಟು ಹೋದ್ರ ನೀ ಕರಕೊಂಡು ಬರ್ತೀಯೇನು? ಗಿರಣಿ ನಂದು.”

ಶಾಮೀದಸಾಬ ತಲೆ ಎತ್ತಲಿಲ್ಲ. ನಿಜಾಮನ ರಾಜ್ಯ ಬಿದ್ದ ವರ್ಷ ಇದೇ ಊರಿನ ಅಂಗಡಿಯೊಂದರಲ್ಲಿ ಸಾಬನೆಂದು ತನಗೆ ಉಪ್ಪು ಕೊಡದೆ ಕಳಿಸಿದ್ದು ನೆನಪಾಯಿತು. ಆದರೂ ಎಣ್ಣೆ ಅರಿವೆಯಿಂದ ಇಂಜಿನ್ ಒರೆಸುತ್ತಲೇ ಇದ್ದ. ಪೀರಮ್ಮ ಗಂಟು ಹೊತ್ತು ಹೋದಳು.

ಬುಧವಾರ ಪಟ್ಟಾ ಹರಿಯಿತು. ಇಂಜಿನ್ ತಿರುಗಿದರೆ ಕಲ್ಲನ್ನೂ ತಿರುಗಿಸುವ ಗೇಣಗಲದ ಚರ್ಮದ ಪಟ್ಟಾ ಅದು. ಹೊಸದು ರಾಯಚೂರಿನಿಂದ ಬರಲು ಹದಿನೈದು ದಿನ ಬೇಕು. ಲಿಂಗಸುಗೂರಿನ ಸಮಗಾರನಿಗೆ ಹೇಳಿ ಕಳಿಸಿದರು. ಅವನು ದ್ಯಾವಪ್ಪನ ಬೀಗ, ಬರಲಿಲ್ಲ. ಕೊನೆಗೆ ಶುಕ್ರವಾರ ದ್ಯಾವಪ್ಪನನ್ನೇ ಕರೆಸಬೇಕಾಯಿತು. ಪಟ್ಟಾ ಹೊಲಿಸುತ್ತಾರೆಂದು ಗಿರಾಕಿಗಳು ಮುಂಜಾನೆಯೇ ಚೀಲ ತಂದು ಸಾಲು ಹಿಡಿದಿದ್ದರು.

ಅವನು ಪಟ್ಟಾ ಮುಟ್ಟಿ ನೋಡಿ ಎದ್ದು ನಿಂತ. “ಹೊಲಿಯಂಗಿಲ್ರೀ.”

“ಯಾಕಲೇ? ನಿನ್ನ ಕಸುಬು ಇದೇ ಅಲ್ಲೇನು?”

“ಹೌದ್ರೀ. ಬೀಸೋದು ನಿಮ್ಮ ಕಸುಬಲ್ಲೇನ್ರೀ?”

ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಚೀಲ ಇಟ್ಟುಕೊಂಡು ಕುಳಿತಿದ್ದ ಮುದುಕಿ ಶಿವಬಸಮ್ಮ ಸೆರಗು ಬಾಯಿಗಿಟ್ಟು ನಕ್ಕಳು.

ಗಿರಣಿ ನಿಂತು ಶುರುವಾದರೆ ಕಲ್ಲಿನಲ್ಲಿ ಧೂಳು ಕೂತಿರುತ್ತದೆ. ಮೊದಲು ಬೀಸಿದ ಹಿಟ್ಟು ದನದ ಪಾಲು, ಅದು ರೂಢಿ. ಆ ಧೂಳಿನ ಹಿಟ್ಟನ್ನು ದ್ಯಾವಪ್ಪನಿಗೆ ದಾಟಿಸುವುದೇ ಅಮರಗುಂಡಪ್ಪನಿಗೆ ಉಪಾಯವಾಗಿ ಕಂಡಿತು. “ಆಯ್ತು ಬಿಡು, ಮೊದಲನೇದು ನಿಂದೇ ಹಾಕಸ್ತೀನಿ.”

“ಮೊದಲನೇದು ನಿಮ್ಮ ದನಕ್ಕ ಇರಲಿ, ಧಣೇರ. ನಂದು ಎರಡನೇದು.”

ಅಮರಗುಂಡಪ್ಪ ಸಾಲಿನ ಕಡೆ ನೋಡಿದ. ಮೂರನೆಯವರು ಯಾರು ಎಂಬುದೇ ಅವನ ಚಿಂತೆ.

ಶಾಮೀದಸಾಬ ಎಣ್ಣೆ ಅರಿವೆ ಕೆಳಗಿಟ್ಟ. “ಅವರ ಹಿಂದ ನಮ್ಮ ಮನಿ ಜೋಳ ಹಾಕ್ತೀನ್ರೀ ಧಣೇರ. ಕಲ್ಲಿನಾಗ ಉಳಿದದ್ದು ನನ್ನ ಹಿಟ್ಟಿನಾಗ ಬರಲಿ.”

“ಏ ಸಾಬಾ!” ಅಂದಳು ಶಿವಬಸಮ್ಮ. “ಮುಂಜಾನಿಂದ ಕುಂತಾಕಿ ನಾನು, ನಡುವ ತೂರೋನು ನೀನೇನು? ದ್ಯಾವಪ್ಪನ ಹಿಂದ ನನ್ನ ಚೀಲ. ನನ್ನ ರಟ್ಟಿಯಾಗ ಬೀಸೋ ಕಸುವು ಉಳದಿಲ್ಲಪ್ಪ.”

ಅಮರಗುಂಡಪ್ಪ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. “ಹೊಲಿ,” ಅಂದ.

ಮಧ್ಯಾಹ್ನಕ್ಕೆ ಪಟ್ಟಾ ಏರಿತು. ದನದ್ದು ಮುಗಿದ ಮೇಲೆ, ಪೀರಮ್ಮ ಮತ್ತೆ ಹೊತ್ತು ತಂದಿದ್ದ ಗಂಟನ್ನು ಶಾಮೀದಸಾಬ ಬಿಚ್ಚಿ ಸುರಿದ. ಸಾಲಿನಿಂದ ಇಬ್ಬರು ಚೀಲ ಹೊತ್ತು ಎದ್ದು ಹೋದರು. ಅಮರಗುಂಡಪ್ಪ ಅವರ ಬೆನ್ನು ನೋಡುತ್ತ ನಿಂತ, ಆದರೆ ಇಂಜಿನ್ ನಿಲ್ಲಿಸು ಅನ್ನಲಿಲ್ಲ. ಅಷ್ಟರಲ್ಲಿ ಶಿವಬಸಮ್ಮ ತನ್ನ ಚೀಲವನ್ನು ಕಾಲಿನಿಂದ ಮುಂದಕ್ಕೆ ನೂಕಿದ್ದಳು.