ಅದೇ ಗೋಡೆ, ಅರವತ್ತು ಮುಖ

ಅವಳ ಬಾಯಿ ಸೊಟ್ಟಗಾದದ್ದು ಒಂದು ಮಂಗಳವಾರ ಬೆಳಿಗ್ಗೆ, ಹಲ್ಲುಜ್ಜಿ ಬಾಯಿ ಮುಕ್ಕಳಿಸುವಾಗ. ಉಗುಳುವ ಮೊದಲೇ ನೀರು ಎಡಗಡೆಯಿಂದ ತಾನಾಗಿ ಸೋರಿ ಕುತ್ತಿಗೆಗೆ ಇಳಿಯಿತು. ಬಚ್ಚಲ ಬಾಗಿಲಲ್ಲಿ ಸರದಿಗೆ ಕಾಯುತ್ತಿದ್ದ ಅತ್ತೆ ನಕ್ಕುಬಿಟ್ಟರು. "ಬೆಳ್‌ಬೆಳಿಗ್ಗೆ ಏನೇ ಇದು ಮಂಗಾಟ?" ಸೊಸೆ ತಿರುಗಿ ಏನೋ ಹೇಳಲು ಹೋದಳು. ಅರ್ಧ ಮುಖ ಮಾತಾಡಿತು, ಇನ್ನರ್ಧ ಸುಮ್ಮನಿತ್ತು. ಅತ್ತೆಯ ನಗು ಅಲ್ಲೇ ನಿಂತಿತು. ಆ ನಗುವಿಗಾಗಿ ಅವರು ಆಮೇಲೆ ಎಷ್ಟು ದಿನ ತಮ್ಮನ್ನು ತಾವೇ ಬೈದುಕೊಂಡರೋ ದೇವರೇ ಬಲ್ಲ.

ಮುಖದ ನರ ಬಾತುಕೊಂಡಿದೆ, ಜೀವಕ್ಕೇನೂ ಭಯವಿಲ್ಲ ಎಂದರು ಡಾಕ್ಟರು. ಸರಿಹೋಗುತ್ತಾ ಎಂದು ಕೇಳಿದರೆ, ಹೋಗಬಹುದು, ಪೂರ್ತಿ ಹೋಗದೆಯೂ ಇರಬಹುದು, ಒಂದು ವರ್ಷ ನೋಡೋಣ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ವರ್ಷದೊಳಗೆ ಬಂದಷ್ಟು ಬಂತು, ಆಮೇಲೆ ಹೆಚ್ಚಿನ ಆಸೆ ಬೇಡ ಎಂದೂ ಸೇರಿಸಿದರು. ಮಾತ್ರೆ ಬರೆದರು, ಮುಚ್ಚಲೊಲ್ಲದ ಎಡಗಣ್ಣಿಗೆ ಅಂಟಿಸಲು ಬಿಳಿ ಪಟ್ಟಿ ಕೊಟ್ಟರು, ಜೊತೆಗೆ ಹೋಂವರ್ಕನ್ನೂ ಕೊಟ್ಟರು. ಪ್ರತಿ ತಿಂಗಳ ಒಂದನೇ ತಾರೀಕು, ಅದೇ ಗೋಡೆಯ ಮುಂದೆ, ಅದೇ ಬಟ್ಟೆಯಲ್ಲಿ ಐದು ಫೋಟೋ ತೆಗೆಸಿಕೊಳ್ಳಬೇಕು. ಹುಬ್ಬು ಏರಿಸಿ ಒಂದು, ಕಣ್ಣು ಬಿಗಿಯಾಗಿ ಮುಚ್ಚಿ ಒಂದು, ಕೆನ್ನೆ ಉಬ್ಬಿಸಿ ಒಂದು, ಹಲ್ಲು ಕಿರಿದು ಒಂದು, ತುಟಿ ಮುಂದೆ ಚಾಚಿ ಒಂದು.

ಬೇರೆ ಕೆಲಸದವಳಾಗಿದ್ದರೆ ಇದನ್ನೆಲ್ಲ ಹೇಗೋ ನುಂಗಿಕೊಳ್ಳುತ್ತಿದ್ದಳು. ಆದರೆ ಅವಳು ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಒಂದನೇ ತರಗತಿಯ ಟೀಚರ್. ಉಳಿದವರಿಗೆ ಬಾಯಿ ಇರುವುದು ಉಣ್ಣುವುದಕ್ಕೆ, ಜಗಳಾಡುವುದಕ್ಕೆ. ಅವಳಿಗೆ ಅದೇ ಕಪ್ಪುಹಲಗೆ. ಮಕ್ಕಳು ಅವಳ ತುಟಿ ನೋಡಿ ಮಾತು ಓದಬೇಕು, ಅದನ್ನೇ ನೋಡಿ ತಮ್ಮ ಬಾಯಿ ಹೊರಳಿಸಲು ಕಲಿಯಬೇಕು. "ನನ್ನ ಸೊಟ್ಟ ಬಾಯಿ ನೋಡಿ ಆ ಮಕ್ಕಳೂ ಸೊಟ್ಟ ಕಲಿತ್ರೆ ಏನ್ ಗತಿ? ತಿದ್ದೋರ್ಯಾರು?" ಎಂದು ಅವಳು ಮೊದಲ ವಾರವೇ ಗಂಡನ ಮುಂದೆ ಅತ್ತಿದ್ದಳು. ಗಂಡನದು ಬೀಗ ರಿಪೇರಿ ಅಂಗಡಿ. "ಬೀಗ ಬಿಗಿದುಕೊಂಡ್ರೆ ಎಣ್ಣೆ ಬಿಟ್ಟು ಕಾಯ್ಬೇಕು ಕಣೆ. ಒದ್ದಾಡಿದ್ರೆ ಕೀಲಿನೇ ಮುರಿಯೋದು," ಎಂದಿದ್ದ. ಅವನಿಗೆ ತಿಳಿದ ಸಮಾಧಾನ ಅಷ್ಟೇ.

ಶಾಲೆಯ ದೊಡ್ಡ ಮೇಡಂ ಅವಳನ್ನು ಆಫೀಸಿಗೆ ಹಾಕಿಕೊಂಡು, ತರಗತಿಗೆ ತಾತ್ಕಾಲಿಕವಾಗಿ ಬೇರೊಬ್ಬರನ್ನು ತಂದರು. ಅವಳು ಬಾಯಿಗೆ ಮಾಸ್ಕು ಕಟ್ಟಿಕೊಂಡು ಕೂತಳು. ಕೇಳಿದವರಿಗೆ ಧೂಳು ಆಗಿಬರುವುದಿಲ್ಲ ಎಂದಳು. ಕಾಗದ ಜೋಡಿಸುವುದು, ಮಕ್ಕಳ ಕಿವಿಯ ಮಷೀನಿಗೆ ಸೆಲ್ ಹಾಕಿಕೊಡುವುದು, ಇಷ್ಟೇ ಕೆಲಸ. ಆ ವರ್ಷ ಹೊಸದಾಗಿ ಸೇರಿದ ಮಕ್ಕಳಿಗೆ ಅವಳ ಮುಖವೇ ಗೊತ್ತಿರಲಿಲ್ಲ. ತಮ್ಮೊಳಗೆ ಅವಳ ಸುದ್ದಿ ಬಂದರೆ ಬಾಯಿಯ ಮೇಲೆ ಅಂಗೈ ಇಟ್ಟು ತೋರಿಸುತ್ತಿದ್ದರು. ಅವರ ಕೈಮಾತಿನಲ್ಲಿ ಅವಳಿಗೆ ಅದೇ ಹೆಸರು.

ವರ್ಷ ಕಳೆಯಿತು. ಒಂದು ಶುಕ್ರವಾರ ದೊಡ್ಡ ಮೇಡಂ ಕರೆದರು. "ನೋಡಮ್ಮ, ಈಗಿರೋ ಟೀಚರ್ ಈ ವಾರಕ್ಕೆ ಮುಗಿಸಿ ಹೋಗ್ತಿದಾರೆ. ನೀವು ಕ್ಲಾಸಿಗೆ ಬರ್ತೀರೋ, ಇಲ್ಲ ಖಾಯಂ ಆಫೀಸಿಗೇ ಬರ್ತೀರೋ? ಸೋಮವಾರ ಬರೆದು ಕೊಡಿ. ಡಾಕ್ಟರು ತೆಗೆಸಿದ ಫೋಟೋಗಳನ್ನೂ ತನ್ನಿ, ಫೈಲಿಗೆ ಬೇಕು. ನಾನು ಒತ್ತಾಯ ಮಾಡಲ್ಲ. ಆದ್ರೆ ಇನ್ನು ಕಾಯೋಕೂ ಆಗಲ್ಲ."

ಗಾಯದ ಮೇಲೆ ಬರೆ ಎಂಬಂತೆ ಅದೇ ದಿನ ಸಂಜೆ ಅತ್ತೆ ಮಗನ ಶರ್ಟನ್ನು ಸೋಪಿನ ನೀರಲ್ಲಿ ನೆನೆಹಾಕಿದರು, ಜೇಬಿನಲ್ಲಿದ್ದ ಫೋನಿನ ಸಮೇತ. ಫೋಟೋಗಳೆಲ್ಲ ಇದ್ದದ್ದು ಅದರಲ್ಲೇ. ರಿಪೇರಿಯವನು ಹೇಗೋ ಅರವತ್ತನ್ನೂ ಹೊರತೆಗೆದು ಅಚ್ಚು ಹಾಕಿಸಿಕೊಟ್ಟ. ಆದರೆ ತಾರೀಕು ಅಳಿಸಿಹೋಗಿತ್ತು, ಸಾಲು ಕಲಸಿಹೋಗಿತ್ತು.

ಭಾನುವಾರ ಮಧ್ಯಾಹ್ನ ಊಟದ ಮೇಜು ಒರೆಸಿ ಮೂವರೂ ಕೂತರು. ಅರವತ್ತು ಚಿತ್ರ, ಅರವತ್ತರಲ್ಲೂ ಅದೇ ಸುಣ್ಣದ ಗೋಡೆ, ಅದೇ ನೀಲಿ ಬಟ್ಟೆ, ಅದೇ ಹೆಂಗಸು. ತಿಂಗಳ ಪ್ರಕಾರ ಜೋಡಿಸಬೇಕಿತ್ತು. ಮೊದಲೆರಡು ತಿಂಗಳಿನವು ಸುಲಭವಾಗಿ ಸಿಕ್ಕವು, ಅವುಗಳಲ್ಲಿ ಹುಬ್ಬಿನ ಮೇಲೆ ಪಟ್ಟಿ ಕಿತ್ತ ಕೆಂಪು ಗುರುತು ಇತ್ತು. ಎರಡನೇ ತಿಂಗಳದ್ದು ಕೈಗೆ ಬಂದಾಗ ಅವಳಿಗೆ ಆ ದಿನ ನೆನಪಾಯಿತು. ಅತ್ತೂ ಅತ್ತೂ ಮೂಗು ಕೆಂಪಾಗಿತ್ತು, ಗಂಡ ಇವತ್ತು ಬೇಡ ಬಿಡು ಎಂದಿದ್ದ. ಒಂದನೇ ತಾರೀಕು ಅಂದ್ರೆ ಒಂದನೇ ತಾರೀಕು ಎಂದು ಇವಳೇ ಹಟ ಹಿಡಿದು ನಿಂತಿದ್ದಳು.

"ಇದ್ಯಾಕೋ ಗೋಡೆನೇ ವಾಲಿದೆಯಲ್ಲೋ?" ಎಂದರು ಅತ್ತೆ ಒಂದನ್ನು ಎತ್ತಿ ಹಿಡಿದು.

ಗಂಡ ಕೆಮ್ಮಿದ. ಅವತ್ತು ಅವನು ಹೆಂಡತಿಗೆ ಬೇಜಾರಾಗದಿರಲಿ ಎಂದು ಫೋನನ್ನೇ ಓರೆ ಹಿಡಿದು ತೆಗೆದಿದ್ದ. ಬಾಯಿ ನೆಟ್ಟಗಾಗಿತ್ತು, ಗೋಡೆ ಡೊಂಕಾಗಿತ್ತು. ಅದಕ್ಕೆ ಅವಳು ಎರಡು ದಿನ ಮಾತು ಬಿಟ್ಟಿದ್ದಳು. ಮೂರನೇ ದಿನ ಪಾತ್ರೆ ತೊಳೆಯುವಾಗ ಅದು ನೆನಪಾಗಿ ಒಬ್ಬಳೇ ನಕ್ಕಿದ್ದಳು. ನಗುವಾಗ ಎಡಗೆನ್ನೆಯಲ್ಲಿ ಏನೋ ಇರುವೆ ಹರಿದಂತಾಗಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ, ಹೇಳಿದರೆ ಎಲ್ಲಿ ನಿಂತುಹೋಗುತ್ತದೋ ಎಂಬ ಭಯ.

ಇನ್ನೊಂದರ ಅಂಚಿನಲ್ಲಿ ಅತ್ತೆಯ ಮೊಣಕೈ, ಕೈಯಲ್ಲಿ ಸೌಟು. ಮತ್ತೊಂದರಲ್ಲಿ ಗೋಡೆಯ ಮೇಲೆ ಹಲ್ಲಿ. "ಇದಂತೂ ನಿನ್ನ ಬಿಟ್ಟು ಹಲ್ಲಿನೇ ತೆಗೆದಿದಾನೆ," ಎಂದು ಅತ್ತೆ ಮಗನ ತಲೆಗೆ ಮೊಟಕಿದರು. ಇನ್ನೊಂದರಲ್ಲಿ ಅವಳ ಕಣ್ಣು ಮಿಂಚುತ್ತಿತ್ತು. ಅವತ್ತು ಬೆಳಿಗ್ಗೆ ಮೊದಲ ಸಲ ಒಂದು ಲೋಟ ಚಹಾ ಒಂದು ಹನಿಯೂ ಚೆಲ್ಲದೆ ಕುಡಿದಿದ್ದಳು, ಗೆದ್ದ ಕುಸ್ತಿಪಟುವಿನ ಹಾಗೆ ಖಾಲಿ ಲೋಟವನ್ನು ಎಲ್ಲರಿಗೂ ತೋರಿಸಿದ್ದಳು. ಆದರೆ ಅದು ಐದನೇ ತಿಂಗಳೋ ಎಂಟನೇ ತಿಂಗಳೋ?

ಗಂಡ ಒಂದು ಸಾಲು ಮಾಡಿದರೆ ಅತ್ತೆ ಇನ್ನೊಂದು ಸಾಲು ಮಾಡಿದರು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. "ಇದು ಕೊನೇದು ಕಣೋ, ನೋಡು ಬಾಯಿ ಎಷ್ಟು ಚೆನ್ನಾಗಿದೆ," ಎಂದು ಅತ್ತೆ ಅಂದರೆ, "ಅಮ್ಮ, ಅದು ಗೋಡೆ ವಾಲಿರೋದು," ಎಂದು ಅವನು. ಅವಳು ಎರಡೂ ಸಾಲನ್ನು ನೋಡಿದಳು. ಅವಳಿಗೆ ಎಲ್ಲ ಚಿತ್ರದಲ್ಲೂ ಕಂಡದ್ದು ಒಂದೇ, ಎಡಗಡೆ ಇಳಿದ ತುಟಿಯ ಮೂಲೆ.

"ಮೂರು ಜನ ಕೂತು ನೋಡಿದ್ರೂ ಯಾವುದು ಮೊದಲು ಯಾವುದು ಕೊನೆ ಗೊತ್ತಾಗ್ತಿಲ್ಲ ಅಂದ್ರೆ ಏನರ್ಥ? ಏನೂ ಸರಿಹೋಗಿಲ್ಲ ಅಂತ ತಾನೆ?" ಎಂದಳು.

"ನನ್ ಕಣ್ಣಿಗೆ ಎಲ್ಲ ಚೆನ್ನಾಗೇ ಕಾಣ್ತಿದೀಯ," ಎಂದ ಗಂಡ.

"ಹೆತ್ತೋರಿಗೆ ಹೆಗ್ಗಣ ಮುದ್ದು ಅಂತಾರೆ. ಕಟ್ಕೊಂಡೋರಿಗೂ ಹಾಗೇನಾ ರೀ?" ಎಂದು ಎದ್ದು ಒಳಗೆ ಹೋದಳು. ಸಂಜೆ ಕಾಗದ ತೆಗೆದು, ತನ್ನನ್ನು ಖಾಯಂ ಆಗಿ ಆಫೀಸಿಗೇ ಹಾಕಬೇಕೆಂದು ನಾಲ್ಕು ಸಾಲು ಬರೆದಳು. ಅತ್ತೆ ಪಕ್ಕದಲ್ಲಿ ಬಂದು ನಿಂತು ಅವಳ ಬೆನ್ನು ಸವರಿದರು.

ಸೋಮವಾರ ಬೆಳಿಗ್ಗೆ ಕಾಗದವನ್ನು ದೊಡ್ಡ ಮೇಡಂ ಮೇಜಿನ ಮೇಲೆ ಇಟ್ಟುಬಂದಳು. ಫೋಟೋಗಳ ಲಕೋಟೆಯನ್ನು ಫೈಲಿಗೆ ಹಾಕೋಣ ಎಂದುಕೊಳ್ಳುವಷ್ಟರಲ್ಲಿ ಆಟದ ಬಿಡುವಾಯಿತು, ಒಂದನೇ ತರಗತಿಯ ಮೆಣಸಿನಕಾಯಿ ಬಂದು ನಿಂತಳು. ಮುಷ್ಟಿಯಷ್ಟು ಹುಡುಗಿ, ಎಲ್ಲದಕ್ಕೂ ಚುರುಕ್ ಎನ್ನುವ ಸ್ವಭಾವ, ಅದಕ್ಕೇ ಶಾಲೆಯವರೆಲ್ಲ ಇಟ್ಟ ಹೆಸರು. ಕಿವಿಯ ಮಷೀನು ತೆಗೆದು ಮೇಜಿನ ಮೇಲೆ ಬಡಿದು, ಸತ್ತುಹೋಗಿದೆ ಎಂದು ಕೈಮಾತಿನಲ್ಲಿ ಹೇಳಿದಳು. ಸೆಲ್ ತರಲು ಟೀಚರ್ ಒಳಗಿನ ಬೀರುವಿಗೆ ಹೋದಳು. ಬೀರುವಿನ ಬಾಗಿಲು ಸಿಕ್ಕಿಕೊಂಡಿತು. ಬೀಗದವನ ಹೆಂಡತಿಯಾಗಿಯೂ ಅದನ್ನು ತೆರೆಯಲು ಅವಳಿಗೆ ಹತ್ತು ನಿಮಿಷ ಹಿಡಿಯಿತು.

ಹೊರಗೆ ಬಂದರೆ ಹುಡುಗಿಯೂ ಇಲ್ಲ, ಲಕೋಟೆಯೂ ಇಲ್ಲ!

ವರ್ಷವಿಡೀ ಬಟ್ಟೆಯಲ್ಲಿ ಮುಚ್ಚಿಟ್ಟುಕೊಂಡ ಮುಖ ಈಗ ಶಾಲೆಯ ಮಕ್ಕಳ ಕೈಯಲ್ಲಿ. ಮೆಣಸಿನಕಾಯಿಯನ್ನು ಹಸಿಯಾಗಿ ಅರೆದುಬಿಡಬೇಕು ಎಂದುಕೊಂಡು ಓಡಿದಳು. ಮೊಗಸಾಲೆಯ ತಿರುವಿನಲ್ಲಿ ಒಂದನೇ ತರಗತಿಯ ಏಳೂ ಮಕ್ಕಳು ನೆಲದ ಮೇಲೆ ಕೂತಿದ್ದರು. ನಡುವೆ ಅವಳ ಅರವತ್ತು ಮುಖ.

ಯಾರೂ ನಗುತ್ತಿರಲಿಲ್ಲ. ಎಲ್ಲರೂ ಪರೀಕ್ಷೆಗೆ ಕೂತವರ ಹಾಗೆ ಗಂಭೀರವಾಗಿದ್ದರು. ಚಿತ್ರಗಳನ್ನು ಗುಂಪು ಗುಂಪಾಗಿ ಇಟ್ಟು, ಪ್ರತಿ ಗುಂಪಿನ ಮುಂದೆ ಸೀಮೆಸುಣ್ಣದಲ್ಲಿ ಬರೆದಿದ್ದರು. ಹಲ್ಲು ಕಿರಿದವುಗಳ ಮುಂದೆ 'ಈ'. ತುಟಿ ಚಾಚಿದವುಗಳ ಮುಂದೆ 'ಊ'. ಕೆನ್ನೆ ಉಬ್ಬಿಸಿದವುಗಳ ಮುಂದೆ 'ಪ'. ಹುಬ್ಬು ಏರಿಸಿದವುಗಳ ಮುಂದೆ ಒಂದು ಪ್ರಶ್ನೆ ಚಿಹ್ನೆ, ಅವರ ಪ್ರಕಾರ ಅಲ್ಲಿ ಟೀಚರ್ ಏನೋ ಕೇಳುತ್ತಿದ್ದರು. ಕಣ್ಣು ಮುಚ್ಚಿದವುಗಳ ಮುಂದೆ ಹಾಸಿಗೆಯ ಚಿತ್ರ. ಈ ಮುಖ ಚೆನ್ನಾಗಿದೆಯೇ, ಸೊಟ್ಟಗಿದೆಯೇ ಎಂದು ಅವರಿಗೆ ಹೊಳೆದೇ ಇರಲಿಲ್ಲ. ಬಾಯಿ ಎಂದ ಮೇಲೆ ಏನೋ ಹೇಳುತ್ತಿರುತ್ತದೆ, ಓದಬೇಕು, ಅಷ್ಟೇ.

ಗೋಡೆಯ ಬದಿಗೆ ಒಂದು ಸಣ್ಣ ಕಟ್ಟನ್ನು ಸರಿಸಿಟ್ಟಿದ್ದರು, ಅದರ ಮುಂದೆ ಏನೂ ಬರೆದಿರಲಿಲ್ಲ. ಅವಳು ಕೂತು ಅದನ್ನು ಎತ್ತಿಕೊಂಡಳು. ಓದಲು ಆಗದವು. ಒಂಬತ್ತು ಇದ್ದವು, ಒಂಬತ್ತರಲ್ಲೂ ಹುಬ್ಬಿನ ಮೇಲೆ ಪಟ್ಟಿಯ ಕೆಂಪು ಗುರುತು. ಮೊದಲ ಎರಡು ತಿಂಗಳದ್ದು. ಆದರೆ ಎರಡು ತಿಂಗಳಿಗೆ ಹತ್ತು ಇರಬೇಕಲ್ಲ? ಹತ್ತನೆಯದನ್ನು ಹುಡುಕಿದಳು. ಅದು 'ಊ' ಗುಂಪಿನಲ್ಲಿತ್ತು. ಅತ್ತು ಮೂಗು ಕೆಂಪಾದ ದಿನ ತೆಗೆದದ್ದು. ಎಲ್ಲ ಮುಗಿಯಿತು ಎಂದು ಅವಳು ಅಂದುಕೊಂಡ ಆ ದಿನವೇ, ಅವಳ ತುಟಿ 'ಊ' ಎಂದಿತ್ತು, ಓದುವವರಿಗೆ ತಿಳಿಯುವ ಹಾಗೆ.

ಅಂದರೆ ಮೂರನೇ ತಿಂಗಳಿಂದ ಮುಂದಕ್ಕೆ ಒಂದೂ ತಪ್ಪದೆ ಓದಿದ್ದಾರೆ! ಅವಳು ಒಂದು ದಿನವೂ ಪಾಠ ಹೇಳಿಕೊಡದ ಮಕ್ಕಳು. ಅಯ್ಯೋ, ಹತ್ತು ತಿಂಗಳು ಸುಮ್ಮಸುಮ್ಮನೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂತೆನಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು, ಸಿಟ್ಟಿನ ಬೆನ್ನಿಗೇ ಅಳು ಬಂತು. ಆದರೆ ಅಳಲು ಮಕ್ಕಳು ಬಿಡಬೇಕಲ್ಲ.

ಅಲ್ಲಿ ಜಗಳ ಎದ್ದಿತ್ತು. ಹಲ್ಲು ಬಿದ್ದ ಹುಡುಗನೊಬ್ಬ 'ಪ' ಅಳಿಸಿ 'ಬ' ಬರೆದಿದ್ದ, ಮೆಣಸಿನಕಾಯಿ ಅದನ್ನೂ ಒರೆಸಿ 'ಮ' ಬರೆಯುತ್ತಿದ್ದಳು. ತುಟಿ ನೋಡಿ ಓದುವವರ ಹಳೇ ಗೋಳು ಇದು. ಪ, ಬ, ಮ ಮೂರಕ್ಕೂ ತುಟಿ ಮುಚ್ಚಲೇಬೇಕು, ಕಣ್ಣಿಗೆ ಮೂರೂ ಒಂದೇ. ಜಗತ್ತಿನ ಅತಿ ನೆಟ್ಟನೆಯ ಬಾಯಿ ತಂದು ನಿಲ್ಲಿಸಿದರೂ ಅಷ್ಟೇ. ಇದೊಂದು ತಪ್ಪು ಮಾತ್ರ ತನ್ನದಲ್ಲವಲ್ಲ ಎಂದು ಅವಳಿಗೆ ನಗು ಬಂತು.

ಮೆಣಸಿನಕಾಯಿ ನ್ಯಾಯ ಕೇಳಲು ಅವಳ ಕಡೆ ತಿರುಗಿದಳು. ಮುಖದಲ್ಲಿ ಓದಲು ಏನೂ ಇಲ್ಲದ್ದು ಕಂಡು, ಕೈ ಚಾಚಿ ಮಾಸ್ಕನ್ನು ಸರಕ್ಕನೆ ಗಲ್ಲಕ್ಕೆ ಇಳಿಸಿದಳು. ಹೇಳಿ, ಯಾವುದು?

ಏಳು ಜೊತೆ ಕಣ್ಣು ಅವಳ ಬಾಯಿಯ ಮೇಲೆ. ಅವಳು ಹುಡುಗಿಯ ಅಂಗೈಯನ್ನು ತುಟಿಯ ಮುಂದೆ ಹಿಡಿದು "ಪ" ಎಂದಳು. ಗಾಳಿ ಬಡಿಯಿತು. ಕೈಯನ್ನು ಗಂಟಲಿಗೆ ಒಯ್ದು "ಬ" ಎಂದಳು, ಮೂಗಿಗೆ ಒಯ್ದು "ಮ" ಎಂದಳು. ಹುಡುಗಿಯ ಕಣ್ಣು ಅರಳಿತು. ಅವಳೂ ಬಾಯಿ ಹೊರಳಿಸಿ "ಪ" ಎಂದಳು, ಬಲಗಡೆಗೆ ಎಳೆದು, ಎಡಮೂಲೆ ಇಳಿಬಿಟ್ಟು, ಥೇಟ್ ಟೀಚರ್ ಹಾಗೆಯೇ.

ಒಂದು ವರ್ಷ ಹೆದರಿದ್ದು ಇದಕ್ಕೇ. ಇದೇ ಕಣ್ಣೆದುರು ನಡೆದುಹೋಯಿತು. ಆದರೆ ಹದಿನೆಂಟು ವರ್ಷ ಪಾಠ ಮಾಡಿದ ಕೈ ಕೇಳುತ್ತದೆಯೇ, ಅದು ತಾನಾಗಿ ಹೋಗಿ ಹುಡುಗಿಯ ಗಲ್ಲ ಹಿಡಿಯಿತು. ತಲೆ ಅಲ್ಲಾಡಿಸಿ, ಹುಡುಗಿಯ ತುಟಿಯ ಎರಡೂ ಮೂಲೆ ಮುಟ್ಟಿ, ಎರಡೂ ಕಡೆ, ಸಮ ಎಂದು ತೋರಿಸಿದಳು. ಮೆಣಸಿನಕಾಯಿ ಟೀಚರ್ ಬಾಯಿಯನ್ನು ದಿಟ್ಟಿಸಿದಳು. ಸುಣ್ಣ ಮೆತ್ತಿದ ತನ್ನ ಬೆರಳನ್ನು ಟೀಚರ್ ತುಟಿಯ ಎಡಮೂಲೆಗೆ ಇಟ್ಟು ಮೇಲಕ್ಕೆ ಎತ್ತಿದಳು, ಹಾಗಾದರೆ ಮೊದಲು ನೀವು ಸರಿಮಾಡಿಕೊಳ್ಳಿ ಎನ್ನುವ ಹಾಗೆ. ಆಮೇಲೆ ತಾನು ನೆಟ್ಟಗೆ, ದುಂಡಗೆ "ಪ" ಎಂದಳು.

ತಿದ್ದುವವರು ಯಾರು ಎಂದು ಅತ್ತಿದ್ದವಳಿಗೆ ಉತ್ತರ ಇಷ್ಟು ಸಣ್ಣದಾಗಿ, ಇಷ್ಟು ಸುಲಭವಾಗಿ ಸಿಗುತ್ತದೆ ಎಂದು ಯಾರಿಗೆ ಗೊತ್ತಿತ್ತು.

ಹಿಂದೆ ದೊಡ್ಡ ಮೇಡಂ ನಿಂತಿದ್ದರು, ಕೈಯಲ್ಲಿ ಅವಳ ಕಾಗದ. ಎಷ್ಟು ಹೊತ್ತಿನಿಂದ ನಿಂತಿದ್ದರೋ. "ಇದನ್ನ ಏನ್ ಮಾಡ್ಲಮ್ಮ?" ಎಂದರು.

"ಕೊಡಿ ಮೇಡಂ, ಹಿಂದೆ ಖಾಲಿ ಇದೆ. ಮಕ್ಕಳಿಗೆ ಬರೆಯೋಕೆ ಆಗುತ್ತೆ."

ಗೋಡೆಯ ಮೇಲಿನ ಕೆಂಪು ದೀಪ ಮೂರು ಸಲ ಮಿನುಗಿತು. ಆ ಶಾಲೆಯಲ್ಲಿ ಗಂಟೆ ಎಂದರೆ ಅದೇ. ಬಿಡುವು ಮುಗಿದಿತ್ತು. ಮಕ್ಕಳು ಎದ್ದು, ತಮಗೆ ಬೇಕಾದ ಫೋಟೋಗಳನ್ನು ಜೇಬಿಗೆ ತುರುಕಿಕೊಂಡು ಓಡಿದರು. ಮೆಣಸಿನಕಾಯಿ ಮಾತ್ರ ನಿಂತಳು. ತರಗತಿಯ ಬಾಗಿಲನ್ನೂ ಟೀಚರನ್ನೂ ನೋಡಿ, ಕೈಮಾತು ಬಿಟ್ಟು, ಕಷ್ಟಪಟ್ಟು, ತನ್ನ ಒರಟು ದನಿಯಲ್ಲೇ ಕೇಳಿದಳು.

"ನಾ... ಳೆ?"

ಟೀಚರ್ ಮಂಡಿಯೂರಿ ಅವಳ ಎತ್ತರಕ್ಕೆ ಬಗ್ಗಿದಳು. ಕೈ ಎತ್ತಲಿಲ್ಲ, ಸನ್ನೆ ಮಾಡಲಿಲ್ಲ. ಬರೀ ಬಾಯಿಂದ, ದನಿಯೂ ಹೊರಡಿಸದೆ ಹೇಳಿದಳು.

"ಇವತ್ತೇ."

ಎರಡನೇ ಸಲ ಹೇಳಬೇಕಾಗಲಿಲ್ಲ. ಹುಡುಗಿ ಅವಳ ಕೈ ಹಿಡಿದು ತರಗತಿಯ ಕಡೆಗೆ ಎಳೆದಳು.